ಬೋಳ ಗೋಧಿಯ ನಾಲ್ಕನೆಯ ನೀರು

ರಾಜ್ಯ ಒಂದಾದ ವರ್ಷ ಅಸುಂಡಿಯ ಹುಲಗಪ್ಪನ ಹೊಲದಲ್ಲಿ ಆರು ಮಡಿ ಗೋಧಿ ಬಿತ್ತಿದರು. ಬೀಜ ತಂದವನು ಶೇತಕಿ ಎಂಬ ಬೇಸಾಯ ಖಾತೆಯ ಕಾಮಗಾರ ರಹಮಾನಸಾಬ. ಬೆಟಗೇರಿಯಿಂದ ವಾರಕ್ಕೊಮ್ಮೆ ಸೈಕಲ್ ತುಳಿದು ಬರುತ್ತಿದ್ದ ಅವನು ಬೀಜದ ಜೊತೆ ಬಿಳಿ ಗೊಬ್ಬರವನ್ನೂ ಹೊತ್ತು ತಂದಿದ್ದ. ಊರಿನ ಕೆಂಪು ಗೋಧಿ ಒಂದು, ಸರಕಾರದ ಹೊಸ ಬೀಜ ಎರಡು. ಹೊಸ ಬೀಜಗಳಿಗೆ ಚೀಟಿಯಲ್ಲಿ ನಂಬರು ಮಾತ್ರ ಇತ್ತು. ತೆನೆ ಬಂದ ಮೇಲೆ ಜನ ಒಂದನ್ನು ಮೀಸೆ ಗೋಧಿ ಎಂದರು, ಮೀಸೆ ಇಲ್ಲದ್ದನ್ನು ಬೋಳ ಗೋಧಿ ಎಂದರು. ಒಂದೊಂದು ಬೀಜಕ್ಕೆ ಎರಡೆರಡು ಮಡಿ. ಒಂದಕ್ಕೆ ಆರು ಸಲ ನೀರು ಕೊಡಬೇಕು, ಪಕ್ಕದ್ದಕ್ಕೆ ಮೂರೇ. ಕಡಿಮೆ ನೀರಿನಲ್ಲಿ ಯಾವುದು ತಾಳುತ್ತದೆ ಎಂದು ನೋಡುವುದಿತ್ತು.

ಹುಲಗಪ್ಪ ಬಾವಿಯ ಮೇಲೆ ಕಪಲಿ ಹೊಡೆಯುತ್ತಿದ್ದ. ಎತ್ತುಗಳು ಇಳಿಜಾರು ಇಳಿದಾಗ ತೊಗಲಿನ ಬಾನಿ ಮೇಲೆ ಬಂದು ನೀರು ಸುರಿಯುತ್ತಿತ್ತು. ಆ ನೀರನ್ನು ಸಲಿಕೆ ಹಿಡಿದು ಮಡಿಯಿಂದ ಮಡಿಗೆ ತಿರುಗಿಸುವ ಕೆಲಸ ಅವನ ಹೆಂಡತಿ ಕರೆವ್ವನದು. ಮೊದಲ ನೀರು ಬಿಟ್ಟ ದಿನವೇ ಊರ ಚಾವಡಿಯಲ್ಲಿ ಬುಂದೆ ಹಂಚಿದರು, ಮುಂಬೈ ರಾಜ್ಯ ಹೋಗಿ ನಮ್ಮದೇ ರಾಜ್ಯ ಬಂತೆಂದು. ಗಂಡ ಹೆಂಡತಿ ಇಬ್ಬರಿಗೂ ಹೋಗಲಾಗಲಿಲ್ಲ. ನೀರು ಅರ್ಧಕ್ಕೆ ನಿಲ್ಲಿಸುವ ಹಾಗಿರಲಿಲ್ಲ.

ಚಳಿಗಾಲದಲ್ಲಿ ಮಗಳು ಮಂಜವ್ವ ಚೊಚ್ಚಲ ಹೆರಿಗೆಗೆ ತವರಿಗೆ ಬಂದಳು. ಹುಟ್ಟಿದ ಕೂಸಿಗೆ ರಾತ್ರಿ ನಿದ್ದೆ ಎಂಬುದೇ ಇರಲಿಲ್ಲ. ಕರೆವ್ವ ಬಾಣಂತಿಗೆ ಎರೆದು, ರೊಟ್ಟಿ ಬಡಿದು, ಎಮ್ಮೆ ಹಿಂಡಿ ಹೊಲಕ್ಕೆ ಬರುವಷ್ಟರಲ್ಲಿ ಕಾಲು ತನ್ನವಲ್ಲ ಅನ್ನಿಸುತ್ತಿತ್ತು. ಎಳ್ಳಮಾವಾಸ್ಯೆ ಕಳೆದ ವಾರ, ತೆನೆಯಲ್ಲಿ ಹಾಲು ತುಂಬುತ್ತಿದ್ದ ಹೊತ್ತು, ಆರು ನೀರಿನ ಬೋಳ ಗೋಧಿಯ ಮಡಿಗೆ ನೀರು ಬಿಟ್ಟು ಬದುವಿನ ಮೇಲೆ ಕುಳಿತಳು. ಬಿಸಿಲು ಬೆನ್ನಿಗೆ ಹಿತವಾಗಿತ್ತು. ಸಲಿಕೆಯ ಹಿಡಿಕೆಗೆ ಹಣೆ ಆನಿಸಿದ್ದಷ್ಟೇ ನೆನಪು.

ಎಚ್ಚರಾದಾಗ ನಡುವಿನ ಒಡ್ಡು ಒಡೆದಿತ್ತು. ಮೂರೇ ನೀರು ಕುಡಿಯಬೇಕಿದ್ದ ಪಕ್ಕದ ಮಡಿಯಲ್ಲಿ ಪಾದ ಮುಳುಗುವಷ್ಟು ನೀರು ನಿಂತಿತ್ತು. ಅದರ ಮೂರು ನೀರು ಆಗಲೇ ಮುಗಿದಿದ್ದವು. ಅವಳು ಸುತ್ತ ನೋಡಿದಳು. ಹುಲಗಪ್ಪ ಎತ್ತುಗಳ ಹಿಂದೆ ಇಳಿಯುತ್ತಿದ್ದ. ಅವನ ಬೆನ್ನು ಮಾತ್ರ ಕಾಣುತ್ತಿತ್ತು. ಮಣ್ಣು ಎಳೆದು ಒಡ್ಡು ಮುಚ್ಚಿದಳು. ಸಂಜೆ ಗಂಡನಿಗೆ ಹೇಳಬೇಕೆಂದುಕೊಂಡಳು, ಮರುದಿನ ಅಂದುಕೊಂಡಳು, ಆಮೇಲೆ ಎರೆಮಣ್ಣು ಆರಿ ಬಿರುಕು ಬಿಟ್ಟಿತು. ರಹಮಾನಸಾಬ ಬಂದು ನೋಡಿದಾಗ ಆ ಮಡಿ ಉಳಿದವುಗಳಂತೆಯೇ ಕಂಡಿತು.

ಶಿವರಾತ್ರಿಗೆ ಮೊದಲು ಕೊಯ್ಲಾಯಿತು. ಒಂದೊಂದು ಮಡಿಯ ಸಿವುಡನ್ನು ಬೇರೆಬೇರೆ ಬಡಿದು, ತೂರಿ, ಬೇರೆಬೇರೆ ಚೀಲಕ್ಕೆ ತುಂಬಿದರು. ತೂಕ ನೋಡಲು ಅಸುಂಡಿಯವರಲ್ಲದೆ ಕುರ್ತಕೋಟಿ, ಹರ್ತಿಯ ರೈತರೂ ಕಣಕ್ಕೆ ಬಂದಿದ್ದರು. ಮೀಸೆ ಗೋಧಿ ಆರು ನೀರಿಗೆ ನೂರು ಪೌಂಡು ತೂಗಿತು, ಮೂರು ನೀರಿಗೆ ಐವತ್ತಾರಕ್ಕೆ ಇಳಿಯಿತು. ಕೆಂಪು ಗೋಧಿ ಎಪ್ಪತ್ತು, ಅರವತ್ತೊಂದು. ಬೋಳ ಗೋಧಿಯ ಸರದಿ ಬಂದಾಗ ರಹಮಾನಸಾಬ ತಕ್ಕಡಿಯನ್ನು ಎರಡು ಸಲ ನೋಡಿದ. ಆರು ನೀರಿನದು ನೂರಾ ಹನ್ನೆರಡು. ಮೂರು ನೀರಿನದು ನೂರಾ ನಾಲ್ಕು.

ಹುಲಗಪ್ಪನ ಮುಖ ಅರಳಿತು. ಹರ್ತಿಯಿಂದ ಬಂದಿದ್ದ ದೇವಪ್ಪ ಎಂಬ ಮುದುಕ ಕಾಳನ್ನು ಅಂಗೈಯಲ್ಲಿ ಹೊರಳಿಸಿ, ಹಲ್ಲಿನಿಂದ ಕಡಿದು ನೋಡಿದ. ತನ್ನ ಬಾವಿಯಲ್ಲಿ ಮೂರು ನೀರಿಗಿಂತ ಹೆಚ್ಚು ಏಳುವುದಿಲ್ಲ, ಬರುವ ವರ್ಷ ಜೋಳ ಬಿಟ್ಟು ನಾಲ್ಕು ಎಕರೆಗೂ ಇದನ್ನೇ ಹಾಕುತ್ತೇನೆ, ಮನೆಯಲ್ಲಿ ಹನ್ನೊಂದು ಬಾಯಿ ಇವೆ ಎಂದ. ರಹಮಾನಸಾಬ ಬೀಜ ಕೊಡಿಸುವ ಮಾತಾಡಿದ.

ಕರೆವ್ವ ಕಾಳು ಕೇರುವ ಮೊರ ಹಿಡಿದು ನಿಂತಿದ್ದಳು. ಹನ್ನೊಂದು ಬಾಯಿ ಎಂಬ ಮಾತು ಅವಳ ಎದೆಯಲ್ಲಿ ಸಿಕ್ಕಿಕೊಂಡಿತು. ಮೊರ ಕೆಳಗಿಟ್ಟಳು.

"ಸಾಹೇಬ್ರ, ಆ ಮಡಿ ಮೂರ ನೀರಿಂದಲ್ರಿ. ನಾಕ ಕುಡದೈತಿ."

ಎಲ್ಲರೂ ಅವಳತ್ತ ತಿರುಗಿದರು. ಒಡ್ಡು ಒಡೆದದ್ದನ್ನೂ ತನಗೆ ಕಣ್ಣು ಹತ್ತಿದ್ದನ್ನೂ ಅವಳು ನೆಲ ನೋಡುತ್ತಲೇ ಹೇಳಿದಳು. ರಹಮಾನಸಾಬನಿಗೆ ಸಿಟ್ಟು ಬರಲಿಲ್ಲ. ಅವನೂ ದಣಿದಿದ್ದ. ಅವನ ಕಾಗದಗಳು ಪುಣೆ ಬಿಟ್ಟು ಬೆಂಗಳೂರಿಗೆ ಹೋಗಬೇಕಾಗಿತ್ತು, ಅಲ್ಲಿ ಯಾರ ಕೈಗೆ ಎಂಬುದು ಅವನಿಗೇ ಇನ್ನೂ ಗೊತ್ತಿರಲಿಲ್ಲ.

"ಆವತ್ತ ಯಾಕ ಹೇಳಲಿಲ್ಲವಾ?" ಎಂದಷ್ಟೇ ಕೇಳಿದ.

"ಹೇಳಿದ್ರ ಮತ್ತ ಮೊದಲಿಂದ ಮಾಡಬೇಕಾಕ್ಕಿತ್ರಿ. ಮೈಯಾಗ ಕಸುವ ಇರ್ಲಿಲ್ಲ."

ಅವನು ಪುಸ್ತಕ ತೆಗೆದು ಬೋಳ ಗೋಧಿಯ ಎದುರಿನ ಅಂಕಿಯ ಮೇಲೆ ಗೆರೆ ಎಳೆದ. ಬಂದವರು ಒಬ್ಬೊಬ್ಬರಾಗಿ ಕಣ ಇಳಿದು ಹೋದರು. ಹುಲಗಪ್ಪ ಎತ್ತುಗಳನ್ನು ಮನೆಗೆ ಹೊಡೆದುಕೊಂಡು ಬಂದ. ಹಿತ್ತಲಲ್ಲಿ ಎತ್ತು ಕಟ್ಟಿದ ಮೇಲೆ, "ನಾಕ ತಿಂಗಳ ಎತ್ತಿನ ಹಿಂದ ಹತ್ತಿ ಇಳದೀನಿ. ಮಂದಿ ಮುಂದ ಹೇಳೂಕಿಂತ ಮೊದಲ ನನಗರ ಹೇಳಬೇಕಿತ್ತು" ಎಂದ. ಯುಗಾದಿಯವರೆಗೆ ಅವರಿಬ್ಬರ ನಡುವೆ ಬೇಕಾದಷ್ಟೇ ಮಾತು ನಡೆಯಿತು.

ಮಂಜವ್ವ ಕೂಸಿನೊಡನೆ ಗಂಡನ ಮನೆಗೆ ಹೋದಳು. ಮುಂಗಾರು ಕಳೆಯಿತು. ಸೀಗಿ ಹುಣ್ಣಿಮೆಯ ಹೊತ್ತಿಗೆ ರಹಮಾನಸಾಬ ಮತ್ತೆ ಬೀಜದ ಚೀಲ ತಂದು ಕಟ್ಟೆಯ ಮೇಲಿಟ್ಟು, ಒತ್ತಾಯವೇನೂ ಇಲ್ಲ, ಆದರೆ ಬೋಳ ಗೋಧಿಯ ಸಂಗತಿ ಅರ್ಧಕ್ಕೇ ನಿಂತಿದೆ ಎಂದ. ಹುಲಗಪ್ಪ ಒಲ್ಲೆನೆಂದು ತಲೆಯಾಡಿಸಿದ. ಒಂದು ಎತ್ತಿಗೆ ಹೆಗಲು ಬಾವು ಬಂದಿತ್ತು, ಅವನ ಮೊಣಕಾಲೂ ಮೊದಲಿನಂತಿರಲಿಲ್ಲ. ರಹಮಾನಸಾಬ ಚೀಲ ಎತ್ತಿಕೊಳ್ಳಲಿಲ್ಲ. ಚಹಾ ಕುಡಿದು ಹೊರಟುಹೋದ.

ಮೂರನೆಯ ದಿನ ಕರೆವ್ವ ಗುದ್ದಲಿ ಹಿಡಿದು ಹೊಲಕ್ಕೆ ಹೋದಳು. ಸ್ವಲ್ಪ ಹೊತ್ತಿಗೆ ಹುಲಗಪ್ಪನೂ ಬಂದ. ಅವಳು ಎರಡು ಮಡಿಗಳ ನಡುವೆ ಒಡ್ಡಿನ ಬದಲು ಮೊಣಕಾಲಾಳದ ಕಾಲುವೆ ತೋಡುತ್ತಿದ್ದಳು. ಒಡೆದರೂ ನೀರು ಅದರಲ್ಲಿ ಬೀಳಲಿ ಎಂದು. ಅವನು ತುಸು ನಿಂತು ನೋಡಿ, ಅವಳ ಕೈಯಿಂದ ಗುದ್ದಲಿ ತೆಗೆದುಕೊಂಡ. ಎತ್ತಿನ ಹೆಗಲ ಬಾವು ಇಳಿಯುವವರೆಗೆ ಕೆಲಸಕ್ಕೆ ಪ್ರತಿ ಕೆಲಸದ ಮುಯ್ಯಿಗೆ ಇನ್ನೊಬ್ಬರ ಎತ್ತು ಕೇಳಿದರಾಯಿತು ಎಂದ.

ಆ ವರ್ಷ ಮೂರು ನೀರಿನ ಬೋಳ ಗೋಧಿ ಐವತ್ತೆಂಟು ಪೌಂಡು ಬಂತು. ಕಾಳು ಜೊಳ್ಳಾಗಿತ್ತು. ಕೆಂಪು ಗೋಧಿ ಅದಕ್ಕಿಂತ ಮೇಲಾಯಿತು. ಎಂಜಿನ್ ಕೂಡಿಸಿದ ಬಾವಿಯವರಿಗೆ ಬೋಳ ಗೋಧಿ, ಕಪಲಿಯವರಿಗೆ ಕೆಂಪು ಗೋಧಿಯೇ ಸರಿ ಎಂದು ರಹಮಾನಸಾಬ ಬರೆದುಕೊಂಡ. ಹರ್ತಿಯ ದೇವಪ್ಪ ಕಣಕ್ಕೆ ಬಂದು ಎರಡೂ ಕಾಳು ಕಡಿದು ನೋಡಿ, ಬೀಜಕ್ಕೆಂದು ಕೆಂಪು ಗೋಧಿ ಕೇಳಿದ. ಕರೆವ್ವ ಅಳೆದು ಹಾಕಿದಳು, ಮೇಲೊಂದು ಬೊಗಸೆ ಹೆಚ್ಚು ಹಾಕಿದಳು. ಅವನು ಚೀಲ ಹೆಗಲಿಗೇರಿಸಿ ಹೋದ ಮೇಲೆ ಹೊಟ್ಟಿನ ರಾಶಿಗೆ ಒರಗಿ ಕುಳಿತವಳಿಗೆ ಕಣ್ಣು ಹತ್ತಿತು. ಹುಲಗಪ್ಪ ಅವಳನ್ನು ಏಳಿಸಲಿಲ್ಲ. ಉಳಿದ ಚೀಲಗಳನ್ನು ತಾನೇ ಬಂಡಿಗೆ ಹೇರತೊಡಗಿದ.