ಬೀಗದ ಮೇಲಿನ ಕೈ

ಚಿತ್ರದಲ್ಲಿ ಇರುವುದು ಇಷ್ಟು: ಉಡುಪು ಕಾರ್ಖಾನೆಯ ಕಬ್ಬಿಣದ ಗೇಟು, ಅದರ ಹಿಂದೆ ಹೊಗೆ, ಸರಳುಗಳಿಗೆ ಒತ್ತಿಕೊಂಡ ಆರು ಹೆಂಗಸರ ಮುಖ. ಗೇಟಿನ ಹೊರಗೆ ಕಾವಲುಗಾರನ ಬೆನ್ನು, ಬೀಗದ ಮೇಲೆ ಅವನ ಕೈ.

ಅದನ್ನು ತೆಗೆದ ಪತ್ರಿಕಾ ಛಾಯಾಗ್ರಾಹಕಿ ಎದುರಿನ ಫುಟ್‌ಪಾತಿನಲ್ಲಿ ನಿಂತಿದ್ದಳು. ಒಂದು ಸಲ ಕ್ಲಿಕ್ಕಿಸುವಷ್ಟರಲ್ಲಿ ಅಗ್ನಿಶಾಮಕ ವಾಹನ ಅಡ್ಡ ಬಂತು. ಬೀಗವನ್ನು ಅಗ್ನಿಶಾಮಕ ದಳದವರೇ ಕತ್ತರಿಸಿದರು. ಆರರಲ್ಲಿ ಒಬ್ಬಳು ಆಸ್ಪತ್ರೆಯಲ್ಲಿ ತೀರಿಕೊಂಡಳು.

ಅಂದು ಸಂಜೆ ಪತ್ರಿಕೆಯ ಕಚೇರಿಯಿಂದ ಪುಟದ ಮುಖ್ಯಸ್ಥ ಫೋನಿನಲ್ಲಿ, "ಆ ಮನುಷ್ಯ ಏನು ಮಾಡ್ತಿದಾನೆ?" ಎಂದು ಕೇಳಿದ್ದ. "ಬೀಗದ ಮೇಲೆ ಕೈ ಇದೆ," ಎಂದಿದ್ದಳು. ಉಳಿದದ್ದನ್ನು ಅವನೇ ಕೂಡಿಸಿಕೊಂಡ. ಚಿತ್ರದ ಅಡಿಯಲ್ಲಿ 'ಬೆಂಕಿಯ ನಡುವೆಯೇ ಗೇಟಿಗೆ ಬೀಗ ಹಾಕುತ್ತಿರುವ ಕಾವಲುಗಾರ' ಎಂದು ಅಚ್ಚಾಯಿತು. ಮರುದಿನ ಓದಿದಾಗ ಅವಳಿಗೆ ಸಣ್ಣಗೆ ಚುಚ್ಚಿತು. ಆದರೆ ಚಿತ್ರ ದೇಶದೇಶದ ಪತ್ರಿಕೆಗಳಲ್ಲಿ ಬಂತು, ಅತ್ತೆ ಅದನ್ನು ಕತ್ತರಿಸಿ ಕಪಾಟಿನ ಬಾಗಿಲಿಗೆ ಅಂಟಿಸಿದರು, ಚುಚ್ಚಿದ್ದು ಮರೆತುಹೋಯಿತು.

ಅನುಮತಿಯಿಲ್ಲದೆ ಫೋಟೋ ತೆಗೆದಿರೆಂದು ಕಾರ್ಖಾನೆ ಮಾಲೀಕನ ವಕೀಲ ಮೊದಲು ನೋಟಿಸು ಕಳಿಸಿದ. ಅವಳು ನಿಂತದ್ದು ರಸ್ತೆಯಲ್ಲಿ, ರಸ್ತೆಯಿಂದ ಕಾಣುವುದನ್ನು ಯಾರು ಬೇಕಾದರೂ ತೆಗೆಯಬಹುದೆಂದು ಪತ್ರಿಕೆ ಉತ್ತರ ಕೊಟ್ಟಿತು. ವಾರದಲ್ಲಿ ವಕೀಲ ವರಸೆ ಬದಲಿಸಿದ. ಬೀಗ ಹಾಕಿದವನು ಕಾವಲುಗಾರ, ಪತ್ರಿಕೆಯೇ ಬರೆದಿದೆ, ಮಾಲೀಕರದು ಏನು ತಪ್ಪು, ಎಂದು.

ಬೆಂಕಿಯ ಬಗ್ಗೆ ಸರ್ಕಾರಿ ವಿಚಾರಣೆ ಗೊತ್ತಾಯಿತು, ಅವಳನ್ನೂ ಸಾಕ್ಷಿಗೆ ಕರೆದಿದ್ದರು. ಅದರ ಹಿಂದಿನ ದಿನ ಕಾವಲುಗಾರ ಪತ್ರಿಕೆಯ ಕಚೇರಿಗೆ ಬಂದ. ಅಲ್ಲಿ ಬಾಗಿಲು ಕಾಯುವವನು ರಿಜಿಸ್ಟರಿಗೆ ಸಹಿ ಕೂಡ ಕೇಳದೆ ಒಳಗೆ ಕರೆತಂದ.

"ನಮ್ಮೋರು ಮೇಡಂ. ಇಬ್ಬರೂ ಸ್ಟೂಲಿನ ಮೇಲೆ ಸವೆದೋರು."

ಅವಳು ಕುರ್ಚಿ ತೋರಿಸಿದರೂ ಕಾವಲುಗಾರ ಕೂರಲಿಲ್ಲ. "ಫೋಟೋ ತೆಗೆದದ್ದಕ್ಕೆ ಬೇಜಾರಿಲ್ಲ ಅಮ್ಮ. ದಾರೀಲಿ ನಿಂತಿದ್ರಿ, ತೆಗೆದ್ರಿ. ಶಿಫ್ಟು ಶುರುವಾದ ಮೇಲೆ ಬೀಗ ಹಾಕು ಅಂತ ಯಜಮಾನರ ಹುಕುಂ. ಬೆಳಿಗ್ಗೆ ಹಾಕಿದ್ದು ನಾನೇ, ಇಲ್ಲ ಅನ್ನಲ್ಲ. ಹೊಗೆ ಕಂಡ ಮೇಲೆ ತೆಗೀತಾ ಇದ್ದೆ. ಬೆಂಕಿಗೆ ಬೀಗ ಕಾದು ಕೀಲಿ ತಿರುಗಲಿಲ್ಲ. ಯಾರಿಗೆ ಹೇಳಿದ್ರೂ ಪೇಪರ್ ಮುಖಕ್ಕೆ ಹಿಡೀತಾರೆ. ತೆಗೀತಿದ್ದ ಅಂತ ನಾಳೆ ನೀವೊಂದು ಮಾತು ಹೇಳಬೇಕು. ಇಲ್ಲಾಂದ್ರೆ ಜೈಲೇ ಗತಿ."

"ಅದನ್ನ ನಾನು ನೋಡಲಿಲ್ಲ ಅಣ್ಣ."

"ಅಷ್ಟು ದೊಡ್ಡ ಗಾಜು ಹಿಡ್ಕೊಂಡು ನೋಡಲಿಲ್ಲ ಅಂದ್ರೆ?"

"ಮುಖಗಳನ್ನ ನೋಡ್ತಿದ್ದೆ. ಕೈ ತಾನಾಗಿ ಚಿತ್ರದಲ್ಲಿ ಬಂತು."

"ಹಾಗಾದ್ರೆ ಹಾಕ್ತಿದ್ದ ಅಂತ ಬರೆದೋರು ಯಾರು? ಅವರು ನೋಡಿದ್ರಾ?"

ಅವಳು ಎದ್ದು ಪುಟದ ಮುಖ್ಯಸ್ಥನ ಮೇಜಿಗೆ ಹೋದಳು. ತಿದ್ದುಪಡಿ ಹಾಕಬೇಕೆಂದಳು.

"ಬೀಗದ ಮೇಲೆ ಕೈ ಇಟ್ಟೋನು ಇನ್ನೇನು ಮಾಡ್ತಾನೆ ತಾಯಿ, ನಾಡಿ ನೋಡ್ತಾನಾ?"

"ತೆಗೆಯೋಕೂ ಕೈ ಅಲ್ಲೇ ಇಡಬೇಕು ಸರ್."

ಅವನ ನಗು ಅರ್ಧಕ್ಕೆ ನಿಂತಿತು. "ಈಗ ತಿದ್ದಿದ್ರೆ ಚಿತ್ರವೇ ಸುಳ್ಳು ಅಂತಾರೆ. ಜನಕ್ಕೆ ಎರಡರ ವ್ಯತ್ಯಾಸ ಗೊತ್ತಾಗಲ್ಲ. ನಾಳೆ ಜಾಸ್ತಿ ಬಾಯಿ ಬಿಡಬೇಡ. ನಿನ್ನ ಒಳ್ಳೇದಕ್ಕೇ ಹೇಳ್ತಿದೀನಿ."

ವಿಚಾರಣೆ ನಡೆದ ಕೋಣೆ ಚಿಕ್ಕದು. ಮೇಜಿನ ಹಿಂದೆ ಅಧಿಕಾರಿ, ಪಕ್ಕದಲ್ಲಿ ಗುಮಾಸ್ತ, ಹಿಂದಿನ ಬೆಂಚಿನಲ್ಲಿ ಕಾವಲುಗಾರ. ಗೋಡೆಗೆ ಒರಗಿ ಪುಟದ ಮುಖ್ಯಸ್ಥ ನಿಂತಿದ್ದ. ಮಾಲೀಕನ ವಕೀಲ ಪತ್ರಿಕೆಯನ್ನು ಮೇಜಿನ ಮೇಲೆ ಹರಡಿದ.

"ಚಿತ್ರ ನಿಮ್ಮದೇ?"

"ಹೌದು."

"ಇವನು ಬೀಗ ಹಾಕ್ತಿದ್ದ. ಸರಿ ತಾನೇ?"

"ಗೊತ್ತಿಲ್ಲ. ನಾನು ನೋಡಲಿಲ್ಲ. ಆ ಸಾಲು ಕಚೇರಿಯಲ್ಲಿ ಬರೆದದ್ದು."

"ಅಂದ್ರೆ ನಿಮ್ಮ ಪತ್ರಿಕೆ ಗೊತ್ತಿಲ್ಲದ್ದನ್ನ ಅಚ್ಚು ಹಾಕಿದೆ."

"ಹಾಕಿದೆ. ಓದಿ ಸುಮ್ಮನಿದ್ದವಳು ನಾನು."

ಗೋಡೆಗೆ ಒರಗಿದ್ದವನು ಹೊರಗೆ ಹೋದ. ವಕೀಲ ಬಿಡಲಿಲ್ಲ. "ಹಾಗಾದ್ರೆ ತೆಗೀತಿದ್ದ ಅಂತೀರಾ?"

ಹಿಂದಿನ ಬೆಂಚು ಕಿರುಗುಟ್ಟಿತು. ಅವಳು ತಿರುಗಿ ನೋಡಲಿಲ್ಲ.

"ಅದನ್ನೂ ನೋಡಲಿಲ್ಲ. ನಾನು ಮುಖಗಳನ್ನ ನೋಡ್ತಿದ್ದೆ. ಅವರು ಕೈ ನೋಡ್ತಿದ್ರು."

ಅಧಿಕಾರಿ ಪತ್ರಿಕೆಯನ್ನು ತನ್ನತ್ತ ಎಳೆದುಕೊಂಡು ಕನ್ನಡಕ ಸರಿಮಾಡಿಕೊಂಡ. ಆರು ಜೊತೆ ಕಣ್ಣುಗಳೂ ಕೆಳಗೆ, ಬೀಗದತ್ತ ಇದ್ದವು. ಸಾಕ್ಷಿಗಳ ಪಟ್ಟಿಯಲ್ಲಿ ಮಾಲೀಕ, ಮ್ಯಾನೇಜರ್, ಅಗ್ನಿಶಾಮಕ ದಳದ ಮುಖ್ಯಸ್ಥ, ಛಾಯಾಗ್ರಾಹಕಿ ಇದ್ದರು. ಈ ಆರರಲ್ಲಿ ಒಬ್ಬರೂ ಇರಲಿಲ್ಲ.

"ಇವರೆಲ್ಲ ಯಾರು?" ಎಂದು ಅಧಿಕಾರಿ ಕೇಳಿದ.

"ನಾನು ಕೇಳಿ ತಿಳಿದುಕೊಳ್ಳಲಿಲ್ಲ," ಎಂದಳು ಅವಳು.

"ನಂಗೊತ್ತು ಸ್ವಾಮಿ." ಕಾವಲುಗಾರ ಕರೆಯದೆಯೇ ಮುಂದೆ ಬಂದ. "ದಿನಾ ಲೆಕ್ಕ ಹಾಕಿ ಒಳಗೆ ಬಿಡೋನು ನಾನು." ಬೆರಳು ಚಿತ್ರಕ್ಕೆ ತಗಲದಂತೆ ಮೇಲೆಯೇ ಹಿಡಿದು ತೋರಿಸತೊಡಗಿದ. "ಇವಳು ಗುಂಡಿಗೆ ಕಾಜಾ ಹೊಲಿಯೋಳು. ಇವರು ಇಸ್ತ್ರಿ ಚಿಕ್ಕಮ್ಮ, ಮಾರ್ಕೆಟ್ ಹಿಂದೆ ಮನೆ. ಇವರಿಬ್ಬರು ಅಕ್ಕತಂಗಿ, ಕಾಲರ್ ಸೆಕ್ಷನ್ನು."

ಗುಮಾಸ್ತ ಬರೆದುಕೊಳ್ಳುತ್ತಿದ್ದ. ಐದನೆಯ ಮುಖದ ಮೇಲೆ ಬೆರಳು ನಿಂತಿತು.

"ಇವಳು ಈಗ ಇಲ್ಲ."

"ಆರನೆಯವರು?" ಎಂದು ಅಧಿಕಾರಿ ಕೇಳಿದ.

"ಇವಳ ತಾಯಿ. ಮನೆ ನಾನೇ ತೋರಿಸ್ತೀನಿ."

"ನೀವು ಬೇಡ. ವಿಳಾಸ ಹೇಳಿ, ನಿಮ್ಮ ಕೈ ಏನು ಮಾಡ್ತಿತ್ತು ಅಂತ ನಾವೇ ಹೋಗಿ ಕೇಳ್ತೀವಿ."

ಕಾವಲುಗಾರ ವಿಳಾಸ ಹೇಳಿದ. ಗುಮಾಸ್ತನಿಗೆ ಸರಿಯಾಗಿ ಬರೆದುಕೊಳ್ಳಲು ಆಗಲೆಂದು ಎರಡು ಸಲ ಹೇಳಿದ.