ಹಲ್ಲುಬ್ಬಯ್ಯನ ಊಟದ ಹೊತ್ತು

ಹಲ್ಲುಬ್ಬಯ್ಯನ ಮುಂಬಲ್ಲುಗಳ ಸಂದಿಯಲ್ಲಿ ರಾಗಿಮುದ್ದೆಯ ಚೂರೊಂದು ಸಿಕ್ಕಿಕೊಂಡಿತ್ತು.

ಹೇಮಶ್ರೀ ಅದನ್ನು ಉಗುರಿನಿಂದ ಕಿತ್ತು ಮೂಗಿನ ಬಳಿ ಹಿಡಿದಳು. ಸಂದೇಹವೇ ಇರಲಿಲ್ಲ, ಮುದ್ದೆಯೇ, ಅದೂ ಉಪ್ಸಾರಿನಲ್ಲಿ ಅದ್ದಿದ್ದು. ಮರದ ಗೊಂಬೆ ಮುದ್ದೆ ಉಣ್ಣುವುದಿಲ್ಲ. ಹಾಗಾದರೆ ಮಧ್ಯಾಹ್ನ ಒಂದರಿಂದ ಮೂರರವರೆಗೆ ಈ ಗೊಂಬೆ ಇದ್ದದ್ದು ಯಾರ ಮನೆಯಲ್ಲಿ?

ಮೂರಡಿ ಎತ್ತರದ ಹಲ್ಲುಬ್ಬಯ್ಯ ಅವಳ ಸಿನಿಮಾದ ದೆವ್ವ. ಕೆ.ಆರ್. ಪೇಟೆಯ ಶಾಲೆಯೊಂದರಲ್ಲಿ ಪಾಠ ಹೇಳುವ ಹೇಮಶ್ರೀ, ಮದುವೆ ವಿಡಿಯೋ ತೆಗೆಯುವ ಶಿವಶಂಕರನನ್ನು ಜೊತೆಗೆ ಕಟ್ಟಿಕೊಂಡು ಎರಡು ವರ್ಷದ ಹಿಂದೆ ಒಂದು ಚಿತ್ರ ಮಾಡಿದ್ದಳು. ಬೆಲ್ಲದ ಕೊಪ್ಪರಿಗೆಯಿಂದ ಎದ್ದು ಬಂದು ಊರಿನ ಬೆಲ್ಲವನ್ನೆಲ್ಲ ಕದ್ದು ತಿನ್ನುವ ದೆವ್ವದ ಕಥೆ. ಪಾಂಡವಪುರದಿಂದ ಶ್ರೀರಂಗಪಟ್ಟಣದವರೆಗೆ ಜನ ಅದನ್ನು ಮೊಬೈಲಿನಲ್ಲಿ ನೋಡಿ ಹೆದರಿದರು, ಹೆದರಿದ್ದಕ್ಕೆ ತಾವೇ ನಕ್ಕರು. ಆದರೆ ಒಂದು ದೃಶ್ಯದಲ್ಲಿ ಗೊಂಬೆಯ ಟವೆಲ್ಲು ಎಡಹೆಗಲಿನಿಂದ ಬಲಹೆಗಲಿಗೆ ಹಾರಿದ್ದನ್ನು ಯಾರೋ ಹಿಡಿದುಬಿಟ್ಟರು. ಎರಡು ವರ್ಷವಾದರೂ ಆ ಕುಹಕ ನಿಂತಿರಲಿಲ್ಲ. ಶಾಲೆಯ ಮಕ್ಕಳು ಕೂಡ ಬೆನ್ನ ಹಿಂದೆ ಟವೆಲ್ ಮಿಸ್ಸು ಎನ್ನುತ್ತಿದ್ದರು.

ಎರಡನೆಯ ಭಾಗದಲ್ಲಿ ಅಂಥ ಒಂದು ತಪ್ಪೂ ಇರಕೂಡದೆಂದು ಅವಳು ಹಟ ಹಿಡಿದಿದ್ದಳು. ಉಳಿದಿದ್ದು ಕೊನೆಯ ದೃಶ್ಯವೊಂದೇ: ಹಲ್ಲುಬ್ಬಯ್ಯನನ್ನು ಆಲೆಮನೆಯ ಒಲೆಗೆ ನೂಕಿ ಸುಡುವುದು. ಸುಡಲು ಬೇರೆ ಗೊಂಬೆ ಮಾಡಿಕೊಡುತ್ತೇನೆಂದು ಗೊಂಬೆ ಕೆತ್ತಿದ ಮರಿಯಯ್ಯ ಮೊದಲೇ ಹೇಳಿದ್ದ. ಅವಳು ಒಪ್ಪಿರಲಿಲ್ಲ. ಎರಡು ವರ್ಷ ಬೆವರು, ಮಸಿ ಕುಡಿದ ಆ ಮುಖವೇ ಬೆಂಕಿಯಲ್ಲಿ ಕಾಣಬೇಕು. ದಸರಾ ರಜೆ ಮುಗಿಯಲು ಮೂರೇ ದಿನ. ಆಮೇಲೆ ಕಬ್ಬು ಅರೆಯುವವರು ಬಂದು ಆಲೆಮನೆಯನ್ನು ವಶಕ್ಕೆ ತೆಗೆದುಕೊಳ್ಳುತ್ತಿದ್ದರು.

ಆದರೆ ಸುಡುವ ದಿನ ಎರಡು ಸಲ ಮುಂದೆ ಹೋಗಿತ್ತು. ಒಮ್ಮೆ ದಾರ ಸವೆದು ಲಡ್ಡಾಗಿದೆ ಎಂದ ಮರಿಯಯ್ಯ. ಇನ್ನೊಮ್ಮೆ, ಒಂದು ಹನಿ ಮಳೆ ಬೀಳದಿದ್ದರೂ ಸೌದೆಯೆಲ್ಲ ತೊಯ್ದು ಕುಳಿತಿತ್ತು. ಜೊತೆಗೆ, ಕೀಲಿಗೆ ಎಣ್ಣೆ ಬಿಡಬೇಕೆಂದು ಅವನು ದಿನವೂ ಊಟದ ಹೊತ್ತಿಗೆ ಗೊಂಬೆಯನ್ನು ಗೋಣಿಚೀಲದಲ್ಲಿಟ್ಟು ಮೊಪೆಡ್ಡಿನಲ್ಲಿ ಒಯ್ಯುತ್ತಿದ್ದ.

ಶಿವಶಂಕರ ಚಿತ್ರೀಕರಿಸಿದ್ದನ್ನೆಲ್ಲ ಹಿಂದಕ್ಕೆ ಓಡಿಸಿ ನೋಡಿದ. ಬೆಳಗಿನ ದೃಶ್ಯಗಳಲ್ಲಿ ಹಲ್ಲು ಶುಭ್ರ. ಮೂರು ಗಂಟೆಯ ನಂತರದ ಪ್ರತಿಯೊಂದು ದೃಶ್ಯದಲ್ಲೂ ಅದೇ ಸಂದಿಯಲ್ಲಿ ಕಪ್ಪು ಚೂರು. ಹನ್ನೊಂದು ದಿನ, ಒಂದೂ ತಪ್ಪಿಲ್ಲದಂತೆ.

"ಏಮಕ್ಕ, ನಾಗಮಂಗ್ಲದೋರೂ ಒಂದು ಗೊಂಬೆ ಪಿಚ್ಚರ್ ತಗೀತಾವ್ರಂತೆ," ಎಂದ ಅವನು ದನಿ ತಗ್ಗಿಸಿ. "ಬೆಳ್ಳೂರು ಕ್ರಾಸ್ ಓಟ್ಲಲ್ಲಿ ಮಾತಾಡ್ಕತಿದ್ರು. ಈ ವಯ್ಯನ ಚೀಲ ದಿನಾ ಎಲ್ಲಿಗೋಯ್ತದೆ ಅಂತ ಯಾರಾರ ಕಂಡಿದ್ದಾರಾ?"

ಹೇಮಶ್ರೀ ಗೊಂಬೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. ತನ್ನ ದೆವ್ವ ಬೇರೆಯವರ ಚಿತ್ರದಲ್ಲಿ ಮೊದಲು ಹಲ್ಲು ಕಿರಿದರೆ ಮುಗಿಯಿತು. ಅಂದು ಸಂಜೆ ಯಾರೂ ಕಾಣದಂತೆ ಅವಳು ಗೊಂಬೆಯ ಎಡ ಹಿಮ್ಮಡಿಯ ಕೆಳಗೆ ಸೂಜಿಯಿಂದ ಮೂರು ಚುಕ್ಕೆ ಚುಚ್ಚಿದಳು.

ಮರುದಿನ ಮೂರು ಗಂಟೆಗೆ ಚೀಲ ಹಿಂದಿರುಗಿತು. ಅದೇ ಉಬ್ಬುಹಲ್ಲು, ಅದೇ ಮುಕ್ಕಾದ ಕಿವಿ, ಅದೇ ಮಸಿ. ಈ ಸಲ ಹಲ್ಲಿನ ಸಂದಿಯೂ ಶುಭ್ರ. ಹೇಮಶ್ರೀ ಗೊಂಬೆಯ ಕಾಲೆತ್ತಿ ನೋಡಿದಳು. ಹಿಮ್ಮಡಿಯಲ್ಲಿ ಚುಕ್ಕೆಗಳಿರಲಿಲ್ಲ.

ಎಲ್ಲರ ಎದುರಿಗೇ ಅವಳು ಕೇಳಿದಳು: "ನನ್ ಗೊಂಬೆ ಎಲ್ಲಿ, ಮರಿಯಣ್ಣ?"

ಮರಿಯಯ್ಯನ ಮುಖ ಕಪ್ಪಿಟ್ಟಿತು. ನಾಗಮಂಗಲದವರಿಗೆ ಎಷ್ಟು ದಿನದಿಂದ ಕೊಡುತ್ತಿದ್ದೀರೆಂದು ಅವಳು ಕೇಳಿದ್ದಕ್ಕೆ, ತನಗೆ ಆ ದಿಕ್ಕಿನಲ್ಲಿ ಯಾರ ಗುರುತೂ ಇಲ್ಲವೆಂದ. ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು, "ನಾಳಿಕ್ಕೆ ತತ್ತೀನಿ, ಸುಟ್ಕಳಿ," ಎಂದು ಹೊರಟುಹೋದ.

ಕೊನೆಯ ದಿನ. ಒಲೆ ಹೊತ್ತಿಸಲು ಸೌದೆ ಜೋಡಿಸಿದ್ದಾಗಿತ್ತು. ಮಧ್ಯಾಹ್ನ ದಾಟಿದ ಮೇಲೆ ಮರಿಯಯ್ಯ ಬಂದು ಚೀಲ ಸುರಿದ. ಇಬ್ಬರು ಹಲ್ಲುಬ್ಬಯ್ಯರು ಒಬ್ಬರ ಮೇಲೊಬ್ಬರು ಬಿದ್ದರು. ಒಂದರ ಹಿಮ್ಮಡಿಯಲ್ಲಿ ಮೂರು ಚುಕ್ಕೆಗಳಿದ್ದವು.

ಆಗ ಅವನು ಬಾಯಿಬಿಟ್ಟ. ಅವನ ಹೆಂಡತಿ ಮಾಯಮ್ಮನಿಗೆ ಮರೆವು. ಗಂಡನೆಂದರೆ ಯಾರೆಂದು ತಿಳಿಯದು, ತಟ್ಟೆ ಕೊಟ್ಟರೆ ತಳ್ಳುತ್ತಾಳೆ. ಹಲ್ಲುಬ್ಬಯ್ಯನನ್ನು ಎದುರಿಗೆ ಕೂರಿಸಿ ದಾರ ಎಳೆದು ಬಾಯಿ ಆಡಿಸಿದರೆ ಮಾತ್ರ, ಅವನಿಗೊಂದು ತುತ್ತು ತಿನ್ನಿಸಿ ತಾನೊಂದು ತಿನ್ನುತ್ತಾಳೆ. ಗೊಂಬೆ ಸುಡುವುದೆಂದಾದ ಮೇಲೆ, ಅವಳಿಗಿರಲಿ ಎಂದು ಇನ್ನೊಂದನ್ನು ಕೆತ್ತಿದನಂತೆ. ಅದು ಮುಗಿಯುವವರೆಗೆ ಸೌದೆಗೆ ನೀರು ಚೆಲ್ಲಿದ್ದೂ ತಾನೇ ಎಂದ. ನಿನ್ನೆಯಿಂದ ಊಟಕ್ಕೆ ಹೊಸದನ್ನೇ ಕೂರಿಸುತ್ತಿದ್ದಾನಂತೆ.

"ಈಗ ಅದ್ರ ಜೊತೇಲಿ ಉಣ್ತಾರಾ?"

"ಉಣ್ತಾಳೆ ಬುಡಿ, ಮೇಡಮ್ಮೋರೆ." ಹಾಗೆನ್ನುವಾಗ ಅವನು ಒಲೆಯ ಕಡೆ ನೋಡುತ್ತಿದ್ದ.

ಹೇಮಶ್ರೀ ನಂಬಲಿಲ್ಲ. ಒಂದು ಸಲ ಏಮಾರಿಸಿದವನು ಅಳುಬರುವ ಕಥೆಯನ್ನೂ ಹೆಣೆಯಬಲ್ಲ. ಅವಳು ಎರಡೂ ಗೊಂಬೆಗಳ ದವಡೆ ಇಳಿಸಿ, ಸಂದಿಯಲ್ಲಿ ಉಗುರು ಆಡಿಸಿದಳು. ಇದರಲ್ಲೂ ಇಲ್ಲ, ಅದರಲ್ಲೂ ಇಲ್ಲ. ಕಥೆ ಸುಳ್ಳಾಗಿರಬೇಕು, ಇಲ್ಲವೇ ಆ ಹೆಂಗಸು ನಿನ್ನೆಯಿಂದ ಉಂಡಿಲ್ಲ.

"ಚೀಲಕ್ಕೆ ಹಾಕಿ. ಮನೆಗೆ ನಡೀರಿ."

ಸಿಂಧಘಟ್ಟದ ಆ ಮನೆಯ ಜಗುಲಿಯಲ್ಲಿ ಮಾಯಮ್ಮ ಗೋಡೆಗೊರಗಿ ಕುಳಿತಿದ್ದಳು. ಪಕ್ಕದಲ್ಲಿ ತಟ್ಟೆ, ಮುಟ್ಟದ ಮುದ್ದೆ ಮೇಲೆಲ್ಲ ಹಕ್ಕಳೆ ಕಟ್ಟಿತ್ತು. ಮರಿಯಯ್ಯನನ್ನು ಕಂಡು, ಆಕೆ ಸೆರಗು ಸರಿಮಾಡಿಕೊಂಡು, ಮನೆಯವರು ಇಲ್ಲವೆಂದೂ ಆಮೇಲೆ ಬರಬೇಕೆಂದೂ ಹೇಳಿದಳು.

ಹೇಮಶ್ರೀ ಅವನ ಕೈಗೆ ಬೇಕೆಂದೇ ಹೊಸ ಗೊಂಬೆಯನ್ನು ಕೊಟ್ಟಳು. ಅವನು ಅದನ್ನು ಎದುರಿಗೆ ಕೂರಿಸಿ ದಾರ ಆಡಿಸಿದ. ಬಾಯಿ ತೆರೆಯಿತು, ಮುಚ್ಚಿತು. ಮಾಯಮ್ಮ ಒಂದು ಗಳಿಗೆ ದಿಟ್ಟಿಸಿ, ಮುಖ ತಿರುಗಿಸಿ, ತಟ್ಟೆಯನ್ನು ಕಾಲಿನಿಂದ ಆಚೆ ನೂಕಿದಳು.

ಅವನು ಎಳೆಯುತ್ತಿದ್ದ ಚುಕ್ಕೆಯ ಗೊಂಬೆ ಚೀಲದಿಂದ ಇನ್ನೂ ಪೂರ್ತಿ ಹೊರಬಂದಿರಲಿಲ್ಲ. ಹಿಮ್ಮಡಿ ಗೋಣಿಯೊಳಗೇ ಇತ್ತು.

"ಎಲ್ಲೋಗಿದ್ಯಲಾ ಇಷ್ಟೊತ್ಗಂಟ?" ಎಂದಳು ಮಾಯಮ್ಮ ಅದರತ್ತ ತಿರುಗಿ. "ಮಕ ನೋಡು, ಎಂಗೆ ಒಣಗೋಗದೆ. ಬಾ, ಬಾಯ್ ತಗಿ."

ಮರಿಯಯ್ಯ ದಾರ ಎಳೆದ; ಹಲ್ಲುಬ್ಬಯ್ಯನ ದವಡೆ ತೆರೆಯಿತು. ಆಕೆ ಅದಕ್ಕೊಂದು ತುತ್ತು ತುರುಕಿದಳು; ಆಮೇಲೆ ತಾನು ಗಬಗಬನೆ ಉಣ್ಣತೊಡಗಿದಳು. ನಡುನಡುವೆ ದೆವ್ವಕ್ಕೆ ಬೈಗುಳ.

ಎರಡಕ್ಕೂ ಏನು ವ್ಯತ್ಯಾಸವೆಂದು ಹೇಮಶ್ರೀ ಮೆಲ್ಲನೆ ಕೇಳಿದಳು.

"ಒಂದೇ ಆಲ್ವಾಣದ ಮರ, ಒಂದೇ ಕೈಯಿ," ಎಂದ ಮರಿಯಯ್ಯ. "ನಂಗೇ ತಿಳೀದು. ಅವ್ಳುನ್ನೇ ಕೇಳ್ಬೇಕು."

ಹೇಮಶ್ರೀ ಹೊಸ ಗೊಂಬೆಯನ್ನು ಎತ್ತಿ ಕಂಕುಳಲ್ಲಿ ಇಟ್ಟುಕೊಂಡಳು. ಆಕೆ ಉಂಡು ಮುಗಿಸುವವರೆಗೆ ಅಲ್ಲೇ ಇರಬೇಕೆಂದೂ ನಾಲ್ಕಕ್ಕೆ ಆಲೆಮನೆಗೆ ಬಂದರೆ ಸಾಕೆಂದೂ ಮರಿಯಯ್ಯನಿಗೆ ಹೇಳಿದಳು. ಹೊರಡುವಾಗ ಮಾಯಮ್ಮನ ತಟ್ಟೆಯಿಂದ ಏನನ್ನೋ ಚಿವುಟಿಕೊಂಡು ಕಾಗದದಲ್ಲಿ ಮಡಿಸಿದ್ದನ್ನು ಯಾರೂ ಗಮನಿಸಲಿಲ್ಲ.

ನಾಲ್ಕು ಗಂಟೆಗೆ ಒಲೆ ಬುಗುಬುಗು ಉರಿಯುತ್ತಿತ್ತು. ಮರಿಯಯ್ಯ ದಾರ ಹಿಡಿದು ನಿಂತ. ಶಿವಶಂಕರ ಕ್ಯಾಮೆರಾದಿಂದ ತಲೆ ಎತ್ತಿ, ಗೊಂಬೆ ಬದಲಾದದ್ದನ್ನು ಜನ ಹಿಡಿದುಬಿಟ್ಟರೆ ಏನು ಮಾಡುವುದೆಂದು ಕೇಳಿದ. ಹೇಮಶ್ರೀ ಗೊಂಬೆಯ ಎಡ ಹಿಮ್ಮಡಿಯನ್ನು ಎತ್ತಿ, ಬೆರಳಾಡಿಸಿ, ಮತ್ತೊಮ್ಮೆ ನೋಡಿದಳು. ಚುಕ್ಕೆಗಳಿಲ್ಲ.

"ಹಿಡೀಲಿ ಬುಡು," ಎಂದಳು.

ಆಮೇಲೆ ಕಾಗದ ಬಿಚ್ಚಿ, ರಾಗಿಮುದ್ದೆಯ ಚೂರನ್ನು ಹಲ್ಲಿನ ಸಂದಿಗೆ, ಹನ್ನೊಂದು ದಿನವೂ ಇದ್ದ ಜಾಗಕ್ಕೇ, ಉಗುರಿನಿಂದ ಒತ್ತಿ ಕೂರಿಸಿ ಹಿಂದೆ ಸರಿದಳು.