ಅರ್ಧದಲ್ಲಿ ಅರ್ಧ

ರಾತ್ರಿಪಾಳಿ ಮುಗಿಸಿ ನೇರವಾಗಿ ಬಡ್ತಿ ಪರೀಕ್ಷೆಗೆ ಬಂದಿದ್ದ ನರ್ಸಿಗೆ ಕಣ್ಣು ಎಳೆಯುತ್ತಿತ್ತು. ‘ಒಂದು ಸಂಖ್ಯೆಯನ್ನು ಅದರಿಂದಲೇ ಗುಣಿಸಿದಾಗ ಉತ್ತರ ಆ ಸಂಖ್ಯೆಗಿಂತ ಚಿಕ್ಕದಾಗಬಹುದೇ?’ ಎಂದಿತ್ತು ಪ್ರಶ್ನೆ. ಎರಡು, ಮೂರು, ಐದು ಎಲ್ಲವೂ ದೊಡ್ಡದಾದವು; ಒಂದು ಇದ್ದ ಹಾಗೇ ಉಳಿಯಿತು. ‘ಇಲ್ಲ’ ಎಂದು ಗುರುತು ಹಾಕುವಷ್ಟರಲ್ಲಿ ಜೋಂಪು ಹತ್ತಿತು.

ಬಿಸಿಲು ತುಂಬಿದ ಕೋಣೆಯಲ್ಲಿ ಅವಳೂ ಅಕ್ಕನೂ ಗಾಳಿಯಷ್ಟು ಹಗುರವಾದ ಹೊದಿಕೆಯೊಂದನ್ನು ಮಡಚುತ್ತಿದ್ದರು. ಅದು ಅರ್ಧವಾಯಿತು. ಮತ್ತೆ ಮಡಚಿದರು. “ಅರ್ಧದಲ್ಲಿ ಅರ್ಧ, ಕಾಲು ಭಾಗ,” ಎಂದಳು ಅಕ್ಕ, ತೊಟ್ಟಿಲು ತೂಗುವಂಥ ದನಿಯಲ್ಲಿ.

ಥಟ್ಟನೆ ಎಚ್ಚರವಾಯಿತು. ಅರ್ಧವನ್ನು ಅರ್ಧದಿಂದ ಗುಣಿಸಿದರೆ ಕಾಲು. ಅದು ಅರ್ಧಕ್ಕಿಂತ ಚಿಕ್ಕದು. ‘ಹೌದು’ ಎಂದು ಗುರುತು ಹಾಕಿದಳು.

ಹೊರಗೆ ಕಾದಿದ್ದ ಅಕ್ಕ, “ಹೇಗಾಯ್ತೇ?” ಎಂದಳು.

“ಒಂದು ಲೆಕ್ಕಕ್ಕೆ ನಿದ್ದೇಲಿ ಉತ್ತರ ಸಿಕ್ತು ಅಕ್ಕಾ.”

“ಹಾಗಿದ್ರೆ ಇನ್ನೂ ಸ್ವಲ್ಪ ಹೊತ್ತು ಮಲಗಬಾರ್ದಿತ್ತಾ?”